ಚೇರ್ಮನ್ನರಿಗೊಂದು ಮೊಳೆ

ಹೆಡ್ಲಿ ಟ್ಯಾಟರ್ಸಲ್‌ನನ್ನು ಸ್ಮಾಲ್‌ಶಾ ಪಂಪ್ ವರ್ಕ್ಸ್‌ನ ಚೇರ್ಮನ್ ಮಾಡಿದವನು ನಾನು. ಬ್ರಿಂಡಲ್‌ಶಾ ಊರಿನ ಯಾವ ಪಬ್ಬಿನಲ್ಲಿ ಬೇಕಾದರೂ ನಿಂತು ಈ ಮಾತು ಹೇಳಬಲ್ಲೆ. ಹೇಳಿ ಒಂದೆರಡು ಪಬ್ಬುಗಳಿಂದ ಹೊರಗೆ ತಳ್ಳಿಸಿಕೊಂಡೂ ಇದ್ದೇನೆ. ಷೇರುದಾರರು ಅವನನ್ನು ಮೇಲಕ್ಕೆತ್ತಲಿಲ್ಲ, ಮಾಲೀಕರ ಮನೆತನ ಎತ್ತಲಿಲ್ಲ, ಅವನ ತಲೆಯೊಳಗಿನ ಸರಕಂತೂ ಎತ್ತಲೇ ಇಲ್ಲ. ಪಂಪಿನ ಭಾಗಗಳನ್ನು ಜೋಡಿಸುವ ಫಿಟಿಂಗ್ ಶಾಪಿನ ಎಲಿಸ್ ಫೇರ್‌ಕ್ಲಫ್ ಎಂಬ ನಾನು ಹಿಂದಿನಿಂದ ಒದ್ದು ಒದ್ದು ಒಂದೊಂದೇ ಮೆಟ್ಟಿಲು ಹತ್ತಿಸಿದೆ. ಆದರೆ ತುದಿ ಮುಟ್ಟಿದ ಮೇಲೂ ಅವನಿಗೆ ಬೇಕಾಗಿದ್ದದ್ದು ಮೇಲಿನ ವಸ್ತುವಲ್ಲ. ಕೆಳಗೆ ನಮ್ಮ ಶಾಪಿನ ಗೋಡೆಯಲ್ಲಿ ಒಂದೇ ಒಂದು ಮೊಳೆ. ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅವನಿಗೆ ಸಿಕ್ಕಿತ್ತು.

ಮೊಳೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ಫಿಟಿಂಗ್ ಶಾಪಿನ ಗೋಡೆಗೆ ಉದ್ದಕ್ಕೂ ಒಂದು ಓಕ್ ಮರದ ಹಲಗೆ ಇತ್ತು. ಅದರ ತುಂಬ ಮೊಳೆ, ಮೊಳೆಗೊಂದು ಚಹಾ ಮಗ್. ಚಹಾ ಬಿಡುವಿನಲ್ಲಿ ಚಹಾ ಹಂಚುವ ಎಡ್ನಾ ತನ್ನ ತಳ್ಳುಗಾಡಿ ನೂಕಿಕೊಂಡು ಬಂದರೆ, ಹಲಗೆಯ ಕೆಳಗೆ ಬೋರಲು ಹಾಕಿದ ಪೆಟ್ಟಿಗೆಗಳ ಮೇಲೆ ನಾವು ಕೂರುತ್ತಿದ್ದೆವು. ಮೊಳೆ ಇದ್ದವನು ಒಳಗೆ ಕೂರಬಹುದು. ಇಲ್ಲದವನು ಬಾಗಿಲಲ್ಲಿ ನಿಂತು ಕುಡಿಯಬೇಕು, ಅಂದರೆ ಅರ್ಧ ಮೈ ಶಾಪಿನಲ್ಲಿ, ಅರ್ಧ ಮೈ ಲ್ಯಾಂಕಶೈರಿನ ಜಿಟಿಜಿಟಿ ಮಳೆಯಲ್ಲಿ. ನಮ್ಮ ಮಗ್ಗುಗಳ ಒಳಗನ್ನು ಯಾರೂ ತೊಳೆಯುತ್ತಿರಲಿಲ್ಲ. ನನ್ನದರ ಒಳಗೆ ಕಿಟ್ಟ ಎಷ್ಟು ದಪ್ಪವಾಗಿತ್ತೆಂದರೆ, ಯುದ್ಧಕಾಲದಲ್ಲಿ ಚಹಾಪುಡಿ ಸಿಗದಾಗ ಬರೀ ಬಿಸಿನೀರು ಹೊಯ್ದು ಶಾಪಿಗೆಲ್ಲ ಒಂದು ಚಳಿಗಾಲ ಚಹಾ ಕುಡಿಸಿದ್ದೇನೆ.

ಮೊಳೆ ಸುಮ್ಮನೆ ಸಿಗುತ್ತಿರಲಿಲ್ಲ. ಹೊಸದಾಗಿ ಬಂದ ಅಪ್ರೆಂಟಿಸನನ್ನು ಇಲ್ಲದ ವಸ್ತು ತರಲು ಸ್ಟೋರಿಗೆ ಅಟ್ಟುವುದು ನಮ್ಮ ಪದ್ಧತಿ. ಚೌಕಳಿ ಬಣ್ಣ ಒಂದು ಡಬ್ಬಿ ತಗೊಂಡು ಬಾ ಅನ್ನುತ್ತೇವೆ. ಸ್ಟೋರಿನ ಕಥ್‌ಬರ್ಟ್ ಮುಖ ಗಂಟಿಕ್ಕಿಕೊಂಡು, "ಕೆಂಪು ಚೌಕಳೀನೋ ಹಸಿರು ಚೌಕಳೀನೋ? ಕೇಳ್ಕೊಂಡು ಬಾ ಹೋಗು" ಎಂದು ತಿರುಗಿ ಅಟ್ಟುತ್ತಾನೆ. ಹುಡುಗ ಇಡೀ ಕಾರ್ಖಾನೆ ಅಲೆದು, ಯಾವುದೋ ತಿರುವಿನಲ್ಲಿ ತಲೆಗೆ ಹೊಳೆದು, ಕೆಂಪು ಮುಖ ಹೊತ್ತು ಬರಿಗೈಲಿ ವಾಪಸು ಬರುತ್ತಾನೆ. ಶಾಪಿಗೆ ಶಾಪೇ ನಗುತ್ತದೆ. ಆಮೇಲೆ ಅವನು ನಮ್ಮವನು. ಬಡಗಿ ಬಂದು ಅವನ ಹೆಸರಿಗೆ ಮೊಳೆ ಹೊಡೆಯುತ್ತಾನೆ.

ಬಡಗಿಯೇ ಹೊಡೆಯಬೇಕು. ಮರದ ಕೆಲಸ ಬಡಗಿಗಳ ಸಂಘದ್ದು, ಕಬ್ಬಿಣದ ಕೆಲಸ ಫಿಟ್ಟರುಗಳ ಸಂಘದ್ದು. ಮೊಳೆ ಕಬ್ಬಿಣವಲ್ಲವೇ ಎಂದು ನಮ್ಮಪ್ಪನ ಕಾಲದಲ್ಲಿ ಯಾರೋ ಬಾಯಿ ಹಾಕಿ, ಒಂದು ಬೇಸಗೆ ಪೂರ್ತಿ ಚರ್ಚೆಯಾಗಿ, ಕೊನೆಗೆ ಮೊಳೆಯನ್ನು ಫಿಟ್ಟರು ಬಡಗಿಯ ಕೈಗೆ ಕೊಡತಕ್ಕದ್ದು, ಬಡಗಿ ಮರಕ್ಕೆ ಹೊಡೆಯತಕ್ಕದ್ದು ಎಂದು ತೀರ್ಮಾನವಾಯಿತು. ಅಷ್ಟು ಹೊತ್ತಿಗೆ ಯಾರಿಗೆ ಮೊಳೆ ಬೇಕಾಗಿತ್ತೋ ಅವನು ಕೆನಡಾಕ್ಕೆ ಹೋಗಿಬಿಟ್ಟಿದ್ದ.

ಹೆಡ್ಲಿ ಸೇರಿದ ವರ್ಷ ನಾನೂ ಅಪ್ರೆಂಟಿಸನೇ, ಆದರೆ ಅವನಿಗಿಂತ ಹಳಬ. ಅವನೋ ಕಡ್ಡಿ. ಪಕ್ಕಕ್ಕೆ ತಿರುಗಿದರೆ ಕಾಣೆಯಾಗುತ್ತಿದ್ದ. ಅವನ ಅಪ್ಪ ಎಲ್ಲೋ ದಕ್ಷಿಣದ ಕಡೆಯಿಂದ ಬಂದ ರೈಲ್ವೆ ಗುಮಾಸ್ತ. ಬ್ರಿಂಡಲ್‌ಶಾದಲ್ಲಿ ಹೊರಗಿನವರು ಅನಿಸಿಕೊಳ್ಳಲು ಅಷ್ಟು ಸಾಕು, ಮೂರು ತಲೆಮಾರು ಅಲ್ಲೇ ಬಾಳಿದರೂ ಅಷ್ಟೆ. ಮೊದಲ ದಿನವೇ ನೀಲಿ ಅಂಚಿನ ಎನಾಮೆಲ್ ಮಗ್ ಒಂದನ್ನು ತಂದು, ಹಲಗೆಯನ್ನು ಕಣ್ಣಲ್ಲೇ ಅಳೆದು, ತನ್ನ ಜಾಗ ಯಾವುದೆಂದು ಕೇಳಿದ.

"ಬಾಗಿಲು" ಅಂದೆ ನಾನು. "ಅಲ್ಲಿ ನಿಂತ್ಕೊ. ಟೈಮ್ ಬಂದಾಗ ಹೇಳ್ತೀನಿ."

ಒಂದು ವಾರ ಅವನನ್ನು ನೆನೆಯಲು ಬಿಟ್ಟು, ಆಮೇಲೆ ಕರೆದು ಹೇಳಿದೆ: "ಹೆಡ್ಲಿ, ಬಾಯ್ಲರ್ ಮನೆಗೆ ಓಡು. ಒಂದು ಬಕೆಟ್ ಹಬೆ ತಗೊಂಡು ಬಾ. ಆರಿಹೋಗೋದ್ರೊಳಗೆ ಬರ್ಬೇಕು."

"ಎಷ್ಟು ಒತ್ತಡದ್ದು?"

"ಏನು?"

"ಹಬೆ. ಎಷ್ಟು ಒತ್ತಡದ್ದು ಬೇಕು?"

ನಾನು ಸ್ವಲ್ಪ ಯೋಚಿಸುವವನಂತೆ ಮಾಡಿ, "ಮಧ್ಯಮ" ಅಂದೆ.

ಹೋದ. ಹನ್ನೊಂದರ ಚಹಾ ಮುಗಿಯಿತು, ಊಟದ ಬಿಡುವು ಮುಗಿಯಿತು, ಆಸಾಮಿ ಪತ್ತೆಯಿಲ್ಲ. ಅವಮಾನ ತಾಳದೆ ಮನೆಗೆ ಹೋದ ಅಂದುಕೊಂಡೆವು. ಆಗ ಬಂದ, ಬಕೆಟ್ ಹಿಡಿದು. ಬಕೆಟ್ಟಿಗೆ ಬೋಲ್ಟ್ ಹಾಕಿದ ಮುಚ್ಚಳ, ಮುಚ್ಚಳದ ಸಂದಿಗೆ ತೊಗಲಿನ ಪಟ್ಟಿ, ಸುತ್ತಲೂ ಉಣ್ಣೆಯ ದಪ್ಪ ಬಟ್ಟೆ ಬಿಗಿದಿದೆ, ಮೇಲೊಂದು ತಿರುಪು ನಲ್ಲಿ. ನನ್ನ ಮುಂದೆ ಇಟ್ಟು, "ಮಧ್ಯಮ ಅಂದ್ರೆ ಎಷ್ಟು ಅಂತ ಬಾಯ್ಲರ್‌ನೋನಿಗೂ ಗೊತ್ತಿರ್ಲಿಲ್ಲ. ಸ್ವಲ್ಪ ಜಾಸ್ತೀನೇ ತಂದಿದೀನಿ. ಎಲ್ಲಿ ಬಿಡ್ಲಿ?" ಅಂದ.

ಬಿಟ್ಟೇಬಿಟ್ಟ. ಎದುರಿಗೆ ಬಗ್ಗಿ ನೋಡುತ್ತಿದ್ದವನು ಶಾಪಿನ ಫೋರ್‌ಮನ್, ಅಂದರೆ ನಮ್ಮಪ್ಪ. ಮೇಣ ಹಚ್ಚಿ ಎರಡೂ ಕಡೆ ಕೊಂಬಿನ ಹಾಗೆ ನಿಲ್ಲಿಸಿದ್ದ ಅವನ ಮೀಸೆ ಒಂದೇ ಉಸಿರಿಗೆ ಕರಗಿ ಗಡ್ಡದವರೆಗೆ ಇಳಿಯಿತು. ಆ ಸಂಜೆ ನಮ್ಮಮ್ಮ ಬಾಗಿಲು ತೆರೆದು, "ಯಾರು ಬೇಕಾಗಿತ್ತು?" ಎಂದು ಕೇಳಿದಳು. ಆದರೆ ಹಬೆ ಬಿಟ್ಟ ಹೊತ್ತಿಗೆ ಶಾಪಿನಲ್ಲಿ ಹಾದುಹೋಗುತ್ತಿದ್ದ ಮಾಲೀಕರು, ಮುದಿ ಸ್ಮಾಲ್‌ಶಾ ಸಾಹೇಬರು, ಮೀಸೆಯ ಕಡೆ ನೋಡಲಿಲ್ಲ. ಬಕೆಟ್ಟಿನ ಸುತ್ತಲಿನ ಬಟ್ಟೆ ಮುಟ್ಟಿ ನೋಡಿದರು. ಒಳಗೆ ಅಷ್ಟು ಬಿಸಿಯಿದ್ದರೂ ಬಟ್ಟೆಯ ಹೊರಮೈ ತಣ್ಣಗಿತ್ತು.

"ಇದನ್ನ ಸುತ್ತಿದ್ದು ಯಾರು?"

ಸೋಮವಾರದಿಂದ ಹೆಡ್ಲಿ ಯಂತ್ರಗಳ ನಕ್ಷೆ ಬರೆಯುವ ಮೇಲಿನ ಡ್ರಾಯಿಂಗ್ ಆಫೀಸಿನಲ್ಲಿ. ಹೋಗುವ ಮುಂಚೆ ಮಗ್ ಹಿಡಿದು ನನ್ನ ಹತ್ತಿರ ಬಂದ.

"ಹಬೆ ತಂದ್ನಲ್ಲ ಎಲಿಸ್. ಮೊಳೆ?"

"ತಂದೆಯಲ್ಲ ಮಾರಾಯ, ಅದೇ ತೊಂದರೆ. ತರಬಾರದಾಗಿತ್ತು."

"ತಗೊಂಡು ಬಾ ಅಂದಿದ್ದು ನೀನೇ."

"ಹೌದು. ಆದ್ರೆ ಬರಿಗೈಲಿ ಬರ್ಬೇಕು, ಮುಖ ಕೆಂಪಗಾಗ್ಬೇಕು. ನಿನ್ನ ಮುಖ ನೋಡು, ಹಾಲಿನ ಕೆನೆ ಇದ್ದ ಹಾಗಿದೆ."

ಅವನು ಬಹಳ ಹೊತ್ತು ಯೋಚಿಸಿದ. ಹೆಡ್ಲಿಯ ಕಷ್ಟವೇ ಅದು. ಅವನಿಗೆ ಜಾಣತನ ತೋರಿಸುವ ಹುಚ್ಚು ಇರಲಿಲ್ಲ. ಯಾರಾದರೂ ಒಂದು ವಸ್ತು ಬೇಕೆಂದರೆ ಅದು ಅವರಿಗೆ ಬೇಕಾಗಿಲ್ಲ ಎಂಬ ಯೋಚನೆಯೇ ಅವನಿಗೆ ಬರುತ್ತಿರಲಿಲ್ಲ. ಅಂಥವನನ್ನು ಬೇಸ್ತು ಬೀಳಿಸುವುದೂ ಒಂದೇ, ಕುದುರೆಗೆ ಒಗಟು ಹೇಳುವುದೂ ಒಂದೇ.

ನಾನು ಬಿಡುವವನಲ್ಲ. ಡ್ರಾಯಿಂಗ್ ಆಫೀಸಿನಲ್ಲಿ ಅವನು ನೆಲೆನಿಂತ ಮೇಲೆ ಒಂದು ದಿನ ಹೇಳಿ ಕಳಿಸಿದೆ: "ಫಿಟಿಂಗ್ ಶಾಪಿಗೆ ತುರ್ತಾಗಿ ಒಂದು ಪೆಟ್ಟಿಗೆ ತೂತು ಬೇಕು." ತಿಂಗಳೊಪ್ಪತ್ತು ಸುದ್ದಿಯಿಲ್ಲ. ಆಮೇಲೆ ಒಂದು ಬೆಳಗ್ಗೆ ಹೆಡ್ಲಿ ಹಿತ್ತಾಳೆಯ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಇಳಿದು ಬಂದ. ಆರೂ ಕಡೆ ತೂತು. ತೂತು ಬಿಟ್ಟರೆ ಪೆಟ್ಟಿಗೆಯಲ್ಲಿ ಹೆಚ್ಚೇನೂ ಉಳಿದಿರಲಿಲ್ಲ.

"ಇದಕ್ಕಿಂತ ಜಾಸ್ತಿ ತೂತು ಹಾಕಿದ್ರೆ ಪೆಟ್ಟಿಗೆ ನಿಲ್ಲಲ್ಲ ಎಲಿಸ್. ಯಾತಕ್ಕೆ ಬೇಕಾಗಿತ್ತು?"

ಯಾತಕ್ಕೆಂದು ನಾನು ಹೇಳುವ ಮೊದಲೇ ಅದನ್ನು ಯಾರೋ ಪಂಪಿನ ಬಾಯಿಗೆ ಸಿಕ್ಕಿಸಿ ನೋಡಿದರು. ಅಲ್ಲಿಯವರೆಗೆ ನಮ್ಮ ಪಂಪುಗಳು ನೀರಿನ ಜೊತೆ ಎಲೆ, ಕಪ್ಪೆ, ಒಮ್ಮೆ ಡರ್ಬಿಯ ಒಂದು ಕಾಲುವೆಯಲ್ಲಿ ಪಾದ್ರಿಯೊಬ್ಬರ ಟೋಪಿಯನ್ನೂ ಎಳೆದುಕೊಂಡು ಕಟ್ಟಿಕೊಳ್ಳುತ್ತಿದ್ದವು. ತೂತಿನ ಪೆಟ್ಟಿಗೆ ಹಾಕಿದ ಮೇಲೆ ಕಪ್ಪೆಗಳು ಹೊರಗೇ ಉಳಿದವು. ಅರ್ಧ ಪ್ರಪಂಚ ಅದನ್ನು ಕೊಂಡಿತು. ಹೆಡ್ಲಿ ಮುಖ್ಯ ಎಂಜಿನಿಯರ್ ಆದ. ಮತ್ತೆ ಮಗ್ ಹಿಡಿದು ಬಂದ, ಮತ್ತೆ ಬಾಗಿಲಲ್ಲಿ ನಿಂತ.

ಎಡಗೈ ಸ್ಪ್ಯಾನರಿನ ಕಥೆಯನ್ನು ಉದ್ದ ಮಾಡುವುದಿಲ್ಲ. ತರಲು ಹೇಳಿದೆ, ಮಾಡಿಕೊಂಡು ಬಂದ, ಹಡಗುಗಳ ಇಕ್ಕಟ್ಟಿನ ಮೂಲೆಗಳಿಗೆ ಅದೇ ಬೇಕೆಂದು ನೌಕಾಪಡೆಯವರು ಹೊತ್ತುಕೊಂಡು ಹೋದರು, ಹೆಡ್ಲಿ ಡೈರೆಕ್ಟರ್ ಆದ. ಇಷ್ಟು ಹೊತ್ತಿಗೆ ನನ್ನ ಜೊತೆಯವರು ಹೇಳತೊಡಗಿದ್ದರು: "ಎಲಿಸ್, ದಯವಿಟ್ಟು ಸುಮ್ನಿರು. ಇನ್ನೊಂದ್ಸಲ ಅವನನ್ನ ಮಂಗ ಮಾಡೋಕೆ ಹೋದ್ರೆ ಅವನಿಗೆ ಸರ್ ಪದವಿ ಬರುತ್ತೆ."

ಅವನು ಮನುಷ್ಯ ಕೆಟ್ಟವನಲ್ಲ. ವರ್ಷಕ್ಕೊಮ್ಮೆ ವೇಕ್ಸ್ ವಾರದ ರಜೆಯಲ್ಲಿ ಕಾರ್ಖಾನೆಗಳೆಲ್ಲ ಮುಚ್ಚಿ ಊರಿಗೆ ಊರೇ ಬ್ಲ್ಯಾಕ್‌ಪೂಲಿಗೆ ಹೊರಟಾಗ ಅವನೂ ನಮ್ಮ ರೈಲಿನಲ್ಲೇ, ನಮ್ಮ ಬೋಗಿಯಲ್ಲೇ ಬರುತ್ತಿದ್ದ. ನಾವು ಕಡಲಿಗೆ ಕಾಲು ಕೊಟ್ಟು ಬಿಯರ್ ಕುಡಿಯುತ್ತಿದ್ದರೆ ಅವನು ಅಲ್ಲಿನ ಗೋಪುರದ ಬುಡದಲ್ಲಿ ನಿಂತು ರಿವೆಟ್ಟುಗಳನ್ನು ನೋಡುತ್ತಿದ್ದ. ಅವನ ಹೆಂಡತಿ ವಿನಿಫ್ರೆಡ್ ಒಂದು ವರ್ಷ ಬೇಸತ್ತು, "ಇವರಿಗೂ ಈ ಗೋಪುರಕ್ಕೂ ಮದುವೆ ಮಾಡಿಸಿ, ನಾನು ಐಸ್‌ಕ್ರೀಮ್ ತಿಂತೀನಿ" ಎಂದು ನನ್ನ ಹೆಂಡತಿಯ ಪಕ್ಕ ಬಂದು ಕೂತಳು. ಅವಳು ಕೂತಿದ್ದು ನೋಡಿ ಹೆಡ್ಲಿಯ ಮುಖದಲ್ಲಿ ಒಂದು ಥರ ಅಸೂಯೆ ಕಂಡಿತು. ಅವಳಿಗೆ ಎಷ್ಟು ಸುಲಭವಾಗಿ ಜಾಗ ಸಿಕ್ಕಿತು ನೋಡಿ.

ಮುದಿ ಸ್ಮಾಲ್‌ಶಾ ತೀರಿಕೊಂಡರು. ಅವರ ಮಗನಿಗೆ ಪಂಪಿನಲ್ಲಿ ಆಸಕ್ತಿಯಿರಲಿಲ್ಲ. ಮೊಲ ಸಾಕುತ್ತಿದ್ದ, ಮೊಲಗಳ ಮುಖವೇ ಬರತೊಡಗಿತ್ತು. ಹಾಗಾಗಿ ಹೆಡ್ಲಿ ಚೇರ್ಮನ್. ಮೇಲಿನ ಮಹಡಿಯಲ್ಲಿ ಅವನ ಕೋಣೆಗೆ ನೆಲಗಂಬಳಿ ಹಾಕಿದರು, ಕುರಿ ಬಿಟ್ಟರೆ ಮೇಯುವಷ್ಟು ದಪ್ಪದ್ದು. ಊಟಕ್ಕೆ ಚೇರ್ಮನ್ನರ ಕೋಣೆ ಬೇರೆ, ಡೈರೆಕ್ಟರುಗಳದು ಬೇರೆ, ಗುಮಾಸ್ತರದು ಬೇರೆ, ನಮ್ಮದು ಬೇರೆ. ನಾಲ್ಕು ಕಡೆಯೂ ಅದೇ ಮಾಂಸದ ಪೈ, ಅದೇ ಬೆಂದ ಬಟಾಣಿ, ಮೇಲೆ ಹೋದಂತೆಲ್ಲ ತಣ್ಣಗೆ ಅಷ್ಟೆ. ಚಹಾ ಮಾತ್ರ ಬೇರೆ. ನಮ್ಮದರಲ್ಲಿ ಚಮಚ ನಿಲ್ಲಿಸಿದರೆ ನಿಲ್ಲುತ್ತಿತ್ತು. ಅವನಿಗೆ ಕೊಡುತ್ತಿದ್ದದ್ದು ಮೊಟ್ಟೆಯ ಸಿಪ್ಪೆಯಷ್ಟು ತೆಳ್ಳಗಿನ ಕಪ್ಪಿನಲ್ಲಿ, ಕೆಳಗಿನ ಸಾಸರಿನ ಹೂವು ಕಾಣುವಷ್ಟು ತಿಳಿ.

ಚೇರ್ಮನ್ ಆದ ದಿನವೂ ಇಳಿದು ಬಂದ. ಕಪ್ಪು ಕೋಟು, ಪಟ್ಟೆ ಪ್ಯಾಂಟು, ಕೋಟಿನ ಜೇಬಿನಿಂದ ಅದೇ ನೀಲಿ ಅಂಚಿನ ಮಗ್.

"ಏನ್ ಚಿನ್ನಾ, ಮೇಲೆ ಚಹಾ ಕೊಡ್ಲಿಲ್ವಾ ನಿಂಗೆ?" ಎಂದಳು ಎಡ್ನಾ. ಅವಳಿಗೆ ಎಲ್ಲರೂ ಚಿನ್ನವೇ, ಬಿಷಪ್ಪರು ಬಂದಾಗಲೂ ಹಾಗೇ ಕರೆದವಳು.

"ಕೊಟ್ರು ಎಡ್ನಾ. ಅದು ಚಹಾ ಅಲ್ಲ, ಚಹಾದ ನೆನಪು."

ನಾನು ಎದ್ದು ನಿಂತು ಟೋಪಿ ತೆಗೆದೆ. "ಮಿಸ್ಟರ್ ಟ್ಯಾಟರ್ಸಲ್, ಕಟ್ಟಡ ನಿಮ್ಮದು, ಗೋಡೆ ನಿಮ್ಮದು, ಹಲಗೆನೂ ನಿಮ್ಮದೇ. ಮೊಳೆ ಮಾತ್ರ ನಮ್ಮದು. ಬಾಗಿಲು ಆ ಕಡೆ ಇದೆ."

ಹೋಗಿ ನಿಂತ. ಬಾಗಿಲಲ್ಲಿ ಜಿಟಿಜಿಟಿ ಮಗ್ಗಿನೊಳಗೆ ಬೀಳುತ್ತಿತ್ತು. ಕುಡಿದಷ್ಟೂ ಖಾಲಿಯಾಗದ ಚಹಾ. ಅಲ್ಲೇ ನಿಂತುಕೊಂಡು ಒಳಗಿನ ಮಾತಿಗೆಲ್ಲ ನಗುತ್ತಿದ್ದ, ಒಂದು ಗಳಿಗೆ ತಡವಾಗಿ.

ಹೀಗೇ ವರ್ಷಗಳು ಉರುಳಿ ಅವನು ನಿವೃತ್ತನಾಗುವ ಹೊತ್ತು ಬಂತು. ವೇಕ್ಸ್ ವಾರಕ್ಕೆ ಕಾರ್ಖಾನೆ ಮುಚ್ಚುವ ಶುಕ್ರವಾರವೇ ಅವನ ಕೊನೆಯ ದಿನ ಎಂದು ಗೊತ್ತಾಯಿತು. ಆ ವಾರ ಚೇರ್ಮನ್ ಮಹಾಶಯ ನಮ್ಮ ಶಾಪಿನಲ್ಲಿ ಬೆಕ್ಕಿನ ಹಾಗೆ ಸುಳಿದಾಡತೊಡಗಿದ.

"ಎಲಿಸ್, ಸ್ಟೋರಿಂದ ಏನಾದ್ರೂ ತರೋದಿದ್ಯಾ?"

"ಇಲ್ಲ."

"ಏನೂ ಇಲ್ವಾ? ಏನಾದ್ರೂ ಸಿಗದೇ ಇರೋ ವಸ್ತು?"

"ಹೆಡ್ಲಿ, ಕೇಳ್ಕೊಂಡು ಬೇಸ್ತು ಬೀಳೋಕೆ ಆಗಲ್ಲ. ಗೊತ್ತಿದ್ದು ಬಿದ್ರೆ ಅದು ಬಿದ್ದ ಹಾಗಲ್ಲ, ಮಲಗಿದ ಹಾಗೆ."

"ನಂಗೆ ಉಳಿದಿರೋದು ಈ ವಾರ ಮಾತ್ರ" ಎಂದ. ಹೇಳಿಬಿಟ್ಟೆನಲ್ಲ ಎನ್ನಿಸಿ ಕಿಟಕಿಯ ಕಡೆ ತಿರುಗಿದ. ನಮ್ಮ ಊರಿನಲ್ಲಿ ಗಂಡಸರು ಅದಕ್ಕಿಂತ ಹೆಚ್ಚು ಮನಸ್ಸು ಬಿಚ್ಚುವುದಿಲ್ಲ. ಅಷ್ಟಕ್ಕೇ ಇಬ್ಬರಿಗೂ ನಾಚಿಕೆಯಾಗಿ ಹವಾಮಾನದ ಬಗ್ಗೆ ಮಾತಾಡಿದೆವು.

ಮರುದಿನ ತಾನೇ ಹೋದ ಸ್ಟೋರಿಗೆ. "ಕಥ್‌ಬರ್ಟ್, ಒಂದು ಡಬ್ಬಿ ಚೌಕಳಿ ಬಣ್ಣ ಬೇಕಾಗಿತ್ತು" ಎಂದ, ನಗುವುದಕ್ಕೆ ಅವನಿಗೆ ಅನುಕೂಲವಾಗಲಿ ಎಂದು ಸ್ವಲ್ಪ ಪೆದ್ದನ ಮುಖ ಮಾಡಿಕೊಂಡು. ಇಡೀ ಜನ್ಮ ಅಪ್ರೆಂಟಿಸುಗಳನ್ನು ಕುಣಿಸಿದ ಕಥ್‌ಬರ್ಟ್ ಚೇರ್ಮನ್ನರ ಎದುರು ಸೆಟೆದು ನಿಂತು, "ಆಗ್ಲಿ ಸರ್. ದೊಡ್ಡ ಡಬ್ಬೀನಾ ಸರ್?" ಅಂದುಬಿಟ್ಟ. ಬುಧವಾರ ಮ್ಯಾಂಚೆಸ್ಟರಿನಿಂದ ಲಾರಿ ಬಂತು. ಚೇರ್ಮನ್ನರೇ ಕೇಳಿದ್ದಾರೆಂದು ಬಣ್ಣದ ಕಂಪನಿಯವರು ಅದೇನು ಮಾಟ ಮಾಡಿದ್ದರೋ, ಬ್ರಷ್ ಎಳೆದಲ್ಲೆಲ್ಲ ಕೆಂಪು ಹಸಿರು ಚೌಕ ಮೂಡುತ್ತಿತ್ತು. ಕ್ಯಾಂಟೀನಿನ ಗೋಡೆ ಇವತ್ತಿಗೂ ಹಾಗೇ ಇದೆ, ನಂಬದವರು ಹೋಗಿ ನೋಡಬಹುದು. ಕಾವಲುಗಾರ ಒಳಗೆ ಬಿಡುವುದಿಲ್ಲ, ಅದು ಬೇರೆ ಮಾತು.

ಗುರುವಾರ ಊಟದ ಬಿಡುವಿನಲ್ಲಿ ನಾವೆಲ್ಲ ಕ್ಯಾಂಟೀನಿನಲ್ಲಿದ್ದೆವು. ಖಾಲಿ ಶಾಪಿನಿಂದ ಟಕ್, ಟಕ್, ಟಕ್ ಎಂದು ಮೂರು ಪೆಟ್ಟು ಕೇಳಿಸಿತು. ಪಕ್ಕದ ಮೇಜಿನಲ್ಲಿ ಬಡಗಿಗಳ ಸಂಘದ ಮುಖಂಡ ಲೂಥರ್ ಮಾಂಸದ ಪೈ ಕಚ್ಚುತ್ತಿದ್ದವನು ಹಾಗೇ ತಡೆದ. ಸುತ್ತಿಗೆಯ ಸದ್ದಿನಲ್ಲೇ ಅವನಿಗೆ ಗೊತ್ತಾಗುತ್ತಿತ್ತು.

"ಓಕ್ ಮರ" ಎಂದ. "ಯಾರೋ ಮೊಳೆ ಹೊಡೀತಿದಾರೆ. ನನ್ನ ಜನ ಎಲ್ಲಾ ಇಲ್ಲೇ ಇದಾರೆ."

ಓಡಿ ಹೋಗಿ ನೋಡಿದರೆ ಹೆಡ್ಲಿ. ಹಲಗೆಯ ತುದಿಯಲ್ಲಿ ಹೊಸ ಮೊಳೆ, ಮೊಳೆಗೆ ನೀಲಿ ಅಂಚಿನ ಮಗ್, ಕೈಯಲ್ಲಿ ಇನ್ನೂ ಸುತ್ತಿಗೆ. ಜಾಮ್ ಕದ್ದು ಸಿಕ್ಕಿಬಿದ್ದವನ ಹಾಗೆ ನಿಂತಿದ್ದ.

"ಮಿಸ್ಟರ್ ಟ್ಯಾಟರ್ಸಲ್" ಎಂದ ಲೂಥರ್ ಮೆಲ್ಲಗೆ, "ಅದು ಮರ."

"ಒಂದೇ ಒಂದು ಮೊಳೆ, ಲೂಥರ್."

"ಇವತ್ತು ಒಂದು ಮೊಳೆ. ನಾಳೆ ಕಪಾಟು."

ಬಡಗಿಗಳು ಹೊರನಡೆದರು. ಮೊಳೆಯನ್ನು ಫಿಟ್ಟರನ ಕೈಯಿಂದ ಈಸಿಕೊಳ್ಳಲಿಲ್ಲವಾದ್ದರಿಂದ ನಮಗೂ ಅವಮಾನವಾಗಿತ್ತು. ಫಿಟ್ಟರುಗಳ ಮುಖಂಡನಾಗಿ ನಾನೂ ನನ್ನವರನ್ನು ಕರೆದುಕೊಂಡು ಹೊರಟೆ. ಹಲಗೆಯ ಬಣ್ಣ ಚೂರು ಎದ್ದಿತ್ತೆಂದು ಬಣ್ಣದವರು ಹೊರಟರು. ಚಹಾ ಕುಡಿಯುವವರೇ ಇಲ್ಲವೆಂದು ಎಡ್ನಾ ತಳ್ಳುಗಾಡಿ ಸಮೇತ ಹೊರಟಳು. ಬಾಯ್ಲರಿನವರಿಗೆ ಕಾರಣ ಸಿಗಲಿಲ್ಲ, ಆದರೆ ಒಬ್ಬರೇ ಒಳಗಿರುವುದು ಚೆನ್ನಾಗಿರುವುದಿಲ್ಲವೆಂದು ಅವರೂ ಬಂದರು. ಕಾರ್ಖಾನೆಯ ಚಿಮಣಿ ಹೊಗೆ ನಿಲ್ಲಿಸಿತು. ಊರಿನವರು ರಾಣಿಯವರಿಗೆ ಏನೋ ಆಯಿತೆಂದು ಸೂತಕಕ್ಕೆ ಕಿಟಕಿಯ ಪರದೆ ಎಳೆದುಕೊಂಡರು. ವೇಕ್ಸ್ ವಾರಕ್ಕೆ ಮುಚ್ಚುವ ಹಿಂದಿನ ದಿನವೇ, ಒಂದು ಮೊಳೆಯ ದೆಸೆಯಿಂದ, ಸ್ಮಾಲ್‌ಶಾ ಪಂಪ್ ವರ್ಕ್ಸ್ ಪೂರಾ ಬಂದ್.

ಇನ್ನೊಂದು ತೊಡಕಿತ್ತು. ಅಪ್ರೆಂಟಿಸ್ ಆಗಿದ್ದಾಗ ಫಿಟ್ಟರುಗಳ ಸಂಘಕ್ಕೆ ಸೇರಿದ ಹೆಡ್ಲಿ ಅದನ್ನು ಬಿಟ್ಟೇ ಇರಲಿಲ್ಲ. ಹಾಗಾಗಿ ಸಂಘದ ಸದಸ್ಯನಾಗಿ ಅವನೂ ಮುಷ್ಕರ ಹೂಡಲೇಬೇಕಾಯಿತು, ತನ್ನ ವಿರುದ್ಧವೇ. ಗೇಟಿನ ಹೊರಗೆ ಬೆಂಕಿ ಕಾಯಿಸಿಕೊಳ್ಳುತ್ತಾ ನಮ್ಮ ಜೊತೆ ನಿಂತ. ಶುಕ್ರವಾರ ಬೆಳಗ್ಗೆ ಮಾತುಕತೆಗೆ ಕೂತಾಗ ಚೇರ್ಮನ್ನರ ಕುರ್ಚಿಯಲ್ಲಿ ಕೂತು ನಮ್ಮ ಬೇಡಿಕೆ ಕೇಳಿದ. ಆಮೇಲೆ ಎದ್ದು ಮೇಜಿನ ಈ ಕಡೆಗೆ ಬಂದು, "ಅವನು ಒಪ್ಕೊಳ್ತಾನಾ ಎಲಿಸ್?" ಎಂದು ನನ್ನ ಕಿವಿಯಲ್ಲಿ ಕೇಳಿದ.

"ಗೊತ್ತಿಲ್ಲ. ಆಸಾಮಿ ಸ್ವಲ್ಪ ಹಟಮಾರಿ."

"ಒಪ್ಪಿಸ್ಬೇಕು. ನಾಳೆ ರೈಲಿದೆ, ಎಲ್ರೂ ಬ್ಲ್ಯಾಕ್‌ಪೂಲಿಗೆ ಹೋಗೋದು ಬೇಡ್ವಾ?" ಎಂದು ಹೇಳಿ ಆ ಕಡೆ ಹೋಗಿ ಕೂತು ಒಪ್ಪಿಕೊಂಡ.

ಷರತ್ತುಗಳು ಲೂಥರನವು. ಚೇರ್ಮನ್ನರು ಅಂಗಳದಲ್ಲಿ ಎಲ್ಲರೆದುರು ಬಡಗಿಗಳ ಕ್ಷಮೆ ಕೇಳಬೇಕು, ಅಕ್ರಮ ಮೊಳೆಯನ್ನು ಕೀಳಬೇಕು. ಕಾರ್ಖಾನೆಯವರೆಲ್ಲ ಅಂಗಳದ ನಾಲ್ಕೂ ಕಡೆ ಗೋಡೆ ಕಟ್ಟಿದಂತೆ ನಿಂತರು. ಹೆಡ್ಲಿ ಪಂಪಿನ ಪೆಟ್ಟಿಗೆಯೊಂದರ ಮೇಲೆ ಹತ್ತಿ, ಮರ ಮುಟ್ಟಿದ್ದು ತಪ್ಪು, ಇನ್ನು ಮುಟ್ಟುವುದಿಲ್ಲ ಎಂದ. ಚಪ್ಪಾಳೆ ತಟ್ಟುವುದೋ ಬೇಡವೋ ತಿಳಿಯದೆ ಜನ ಕೆಮ್ಮಿದರು.

"ಸರಿ. ಇಕ್ಕಳ ಕೊಡು ಲೂಥರ್, ಕೀಳ್ತೀನಿ" ಎಂದ ಇಳಿದು.

"ಬಡಗಿ ಇಕ್ಕಳ ಬಡಗಿ ಕೈಗೆ ಮಾತ್ರ" ಎಂದ ಲೂಥರ್. "ನಿಮಗೆ ಬೇಕಾದ್ರೆ ಸ್ಟೋರಿಂದ ತಗೊಂಡು ಬನ್ನಿ."

ಹೆಡ್ಲಿ ಹೊರಟ. ಅಂಗಳದ ಆಚೆ ತುದಿಯಲ್ಲಿ ಸ್ಟೋರು. ಕಪ್ಪು ಕೋಟಿನ ಬಾಲ ಹಾರಿಸುತ್ತಾ, ಕೆಲಸ ಬೇಗ ಮುಗಿಸುವವನ ನಡಿಗೆಯಲ್ಲಿ ಹೋದ. ನಾವೆಲ್ಲ ನೋಡುತ್ತಾ ನಿಂತಿದ್ದೆವು. ಕಿಟಕಿಯ ಕಬ್ಬಿಣದ ಬಾಗಿಲು ಎಳೆದಿತ್ತು. ಮೆತ್ತಗೆ ತಟ್ಟಿದ. ಒಂದು ಹೆಜ್ಜೆ ಹಿಂದೆ ಸರಿದು, ಕೈ ಹಿಂದೆ ಕಟ್ಟಿಕೊಂಡು, ಒಬ್ಬನೇ ಸಾಲಾಗಿ ನಿಂತ. ಆಮೇಲೆ ಮತ್ತೆ ತಟ್ಟಿದ. "ಕಥ್‌ಬರ್ಟ್? ಕ್ಷಮಿಸಿ, ತೊಂದರೆ ಕೊಡ್ತಿದೀನಿ... ಕಥ್‌ಬರ್ಟ್?"

ಕಥ್‌ಬರ್ಟ್ ನನ್ನ ಪಕ್ಕದಲ್ಲೇ ನಿಂತು ಪೈ ತಿನ್ನುತ್ತಿದ್ದ. ಮುಷ್ಕರವಲ್ಲವೇ, ಸ್ಟೋರಿನವರೂ ಹೊರಗೇ ಇದ್ದರು.

"ಏನ್ ಸರ್?" ಎಂದು ಬಾಯಿ ತುಂಬಿಕೊಂಡೇ ಅಂಗಳದ ಈ ತುದಿಯಿಂದ ಕೂಗಿದ.

ಹೆಡ್ಲಿ ತಿರುಗಿದ. ಮುಚ್ಚಿದ ಸ್ಟೋರನ್ನು ನೋಡಿದ, ಕಥ್‌ಬರ್ಟನನ್ನು ನೋಡಿದ, ಅವನ ಕೈಯ ಪೈ ನೋಡಿದ, ಸುತ್ತ ನಿಂತ ಇಡೀ ಕಾರ್ಖಾನೆಯನ್ನು ನೋಡಿದ. ತಾನೇ ಮುಚ್ಚಿಸಿದ ಕಾರ್ಖಾನೆ. ಆಗ ಶುರುವಾಯಿತು, ಕಾಲರಿನ ಹತ್ತಿರದಿಂದ. ಕತ್ತಿನ ಮೇಲೆ ಹತ್ತಿತು, ಗಲ್ಲಕ್ಕೆ ಬಂತು, ಕಿವಿಗೆ ಹರಡಿತು, ಬೋಳು ತಲೆಯ ನೆತ್ತಿಯವರೆಗೂ ಏರಿತು. ಅಷ್ಟು ಕೆಂಪು ಮುಖವನ್ನು ನಾನು ಜನ್ಮದಲ್ಲಿ ನೋಡಿಲ್ಲ. ರಸ್ತೆಯಲ್ಲಿ ಬರುತ್ತಿದ್ದ ಬಸ್ಸು ಗೇಟಿನೊಳಗೆ ಕಂಡ ಆ ಕೆಂಪಿಗೆ ತಾನಾಗಿ ನಿಂತಿತು.

ಬರಿಗೈಲಿ, ಅಂಗಳದ ಉದ್ದಕ್ಕೂ, ನಡೆದು ವಾಪಸು ಬಂದ.

ಮೊದಲು ನಕ್ಕವಳು ಎಡ್ನಾ. ಆಮೇಲೆ ಗೋಡೆ ಕುಸಿದ ಹಾಗೆ ಎಲ್ಲರೂ. ಬಾಯ್ಲರಿನವರು ಒಬ್ಬರನ್ನೊಬ್ಬರು ಹಿಡಿದುಕೊಂಡರು, ಮೊಲದ ಮುಖದ ಸ್ಮಾಲ್‌ಶಾ ಮಗ ಕೂಡ ಮೇಲಿನ ಕಿಟಕಿಯಲ್ಲಿ ಕಣ್ಣು ಒರೆಸಿಕೊಂಡ. ಎಡ್ನಾ ಎರಡೂ ಕೈ ಎತ್ತಿ ಕೂಗಿದಳು: "ಮುಖ ನೋಡ್ರೋ ಅವನ್ದು! ಸ್ಟೋರಿಗೆ ಹೋಗಿ ಬರಿಗೈಲಿ ಬಂದಿದಾನೆ! ಏ ಚಿನ್ನಾ, ಆಗ್ಹೋಯ್ತು ಕಣೋ ನಿಂದು!"

ಹೆಡ್ಲಿಗೆ ಅರ್ಥವಾಗಲು ಎಂದಿನಂತೆ ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಆ ಕೆಂಪು ಮುಖ ಕಿವಿಯಿಂದ ಕಿವಿಗೆ ಬಿರಿಯಿತು.

ನಾನು ಲೂಥರನ ತೋಳು ಹಿಡಿದೆ. "ಬೇಕಂತಲೇ ಕಳಿಸ್ದೆಯಾ?"

"ಆಣೆ ಮಾಡಿ ಹೇಳ್ತೀನಿ, ಸ್ಟೋರು ಮುಚ್ಚಿರೋದು ನಂಗೂ ಮರ್ತೇ ಹೋಗಿತ್ತು ಕಣೋ" ಎಂದ ಅವನು, ನಗುವಿಗೆ ಬಿಕ್ಕುತ್ತಾ.

ನನ್ನ ಹೊಟ್ಟೆಯುರಿ ಯಾರಿಗೂ ಬೇಡ. ಅಪ್ರೆಂಟಿಸ್ ಕಾಲದಿಂದ ನಾನು ಹಬೆ, ತೂತು, ಎಡಗೈ ಸ್ಪ್ಯಾನರ್ ಎಂದು ತಲೆ ಕೆಡಿಸಿಕೊಂಡಿದ್ದೇ ಬಂತು. ಒಬ್ಬ ಬಡಗಿ ಏನೂ ಯೋಚಿಸದೆ ಇಕ್ಕಳ ತಾ ಅಂದ, ಕೆಲಸ ಮುಗಿಯಿತು. ಅದೂ ನಿಜವಾಗಿ ಇರುವ ವಸ್ತು! ಪದ್ಧತಿಯ ಪ್ರಕಾರ ಇದು ಸಲ್ಲುತ್ತದೆಯೇ ಎಂದು ನಾನು ತಕರಾರು ಎತ್ತಿ ನೋಡಿದೆ. ಶಾಪಿನಲ್ಲಿ ಕೈ ಎತ್ತಿಸಿದಾಗ ನನ್ನ ಕೈ ಒಂದೇ ಒಂದು ಕಡೆ, ಮಿಕ್ಕವೆಲ್ಲ ಇನ್ನೊಂದು ಕಡೆ.

ಲೂಥರ್ ತನ್ನ ಜೇಬಿನಿಂದಲೇ ಇಕ್ಕಳ ತೆಗೆದು ಅಕ್ರಮ ಮೊಳೆಯನ್ನು ಕಿತ್ತ. ಹೊಸ ಮೊಳೆಯನ್ನು ಫಿಟ್ಟರುಗಳ ಪರವಾಗಿ ನಾನೇ ಅವನ ಕೈಗೆ ಕೊಡಬೇಕಾಯಿತು. ಅದೇ ತೂತಿಗೆ, ಟಕ್, ಟಕ್, ಟಕ್. ಹೆಡ್ಲಿ ಮಗ್ ತಗುಲಿಸಿದ, ತೆಗೆದ, ಮತ್ತೆ ತಗುಲಿಸಿದ. ಎಡ್ನಾ ಚಮಚ ನಿಲ್ಲುವ ಚಹಾ ಹೊಯ್ದಳು. ಅವನು ಬೋರಲು ಪೆಟ್ಟಿಗೆಯ ಮೇಲೆ, ಪಟ್ಟೆ ಪ್ಯಾಂಟಿನ ಮಂಡಿ ಎತ್ತಿಕೊಂಡು, ನನ್ನ ಎದುರಿಗೇ ಕೂತ. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ.

ಅವನ ಆ ಸುಖ ನೋಡಲಾರದೆ ನಾನು ಬಾಯಿ ತೆರೆದೆ.

"ಆಯ್ತಪ್ಪ, ಕೊನೆಗೂ ಬಿದ್ದೆಯಲ್ಲ, ನಿನಗೂ ಸಿಕ್ತು. ಆದ್ರೆ ಒಂದು ಮಾತು ತಿಳ್ಕೊ. ಈ ಶಾಪಲ್ಲಿ ಸ್ಟೋರಿಗೆ ಹೋಗಿ ಮುಖ ಕೆಂಪಗೆ ಮಾಡ್ಕೊಂಡು ಬರದೇ ಇರೋನು ಅಂದ್ರೆ ಈಗ ನಾನೊಬ್ಬನೇ. ಫೋರ್‌ಮನ್ ಮಗನ್ನ ಯಾರು ಕಳಿಸ್ತಾರೆ? ಮೊದಲಿಂದ ನಮ್ಮಪ್ಪನ ಮೊಳೆಗೇ ನನ್ನ ಮಗ್ಗೂ ತಗುಲಿಸ್ತಿದ್ದೆ, ಅವನು ಹೋದ್ಮೇಲೆ ಅದು ಹಾಗೇ ನನಗೆ ಬಂತು, ಪಿತ್ರಾರ್ಜಿತ. ನನ್ನನ್ನ ಬೇಸ್ತು ಬೀಳ್ಸೋ ಗಂಡು ಇನ್ನೂ ಹುಟ್ಟಿಲ್ಲ."

ಪೆಟ್ಟಿಗೆಗಳ ಮೇಲೆ ಕೂತವರೆಲ್ಲ ಮಗ್ ಕೆಳಗಿಳಿಸಿ ನನ್ನ ಕಡೆ ತಿರುಗಿದರು. ಹೆಡ್ಲಿ ಕಣ್ಣು ತೆರೆದ. ಯಾರೋ ಒಂದು ವಸ್ತು ಬೇಕೆಂದಾಗ ಯೋಚಿಸುತ್ತಿದ್ದನಲ್ಲ, ಹಾಗೆ ಯೋಚಿಸಿದ. ಹಲಗೆಯ ನಡುಮಧ್ಯೆ ತೂಗುತ್ತಿದ್ದ ನನ್ನ ಮಗ್ಗನ್ನು ನೋಡಿದ. ಆಮೇಲೆ ಬಾಗಿಲ ಕಡೆ ಹೊರಟಿದ್ದ ಬಡಗಿಯನ್ನು ಕೂಗಿದ:

"ಲೂಥರ್, ಆ ಇಕ್ಕಳ ಒಳಗೆ ಇಡ್ಬೇಡ. ಎಲಿಸ್, ನೀನು ಆ ಬಾಗಿಲ ಹತ್ರ ನಿಂತ್ಕೊಪ್ಪ. ಬಲಗಡೆ ನಿಲ್ಲು, ಎಡಗಡೆ ಸೋರುತ್ತೆ, ನಂಗೆ ಗೊತ್ತು."